ಬೇಳೆ ಬೆಂದರೆ ಸಾರು: ಕುಕ್ಕರ್, ಮಿಕ್ಸಿ, ಒಗ್ಗರಣೆ ಸೌಟಿನ ಪೂರ್ತಿ ಪಾಠ

ಬಾಡಿಗೆ ರೂಮಿನಲ್ಲಿ ನಾನು ಮೊದಲ ಸಲ ಸಾರು ಮಾಡಿದಾಗ ಬೇಳೆ ಒಂದು ಕಡೆ, ನೀರು ಒಂದು ಕಡೆ. ಅಮ್ಮನಿಗೆ ಫೋನ್ ಮಾಡಿದೆ. "ಎಷ್ಟು ವಿಶಲ್ ಕೂಗಿಸ್ದೆ?" ಅಂದಳು. "ನಾಲ್ಕು" ಅಂದೆ. "ಮತ್ತೆ ಇನ್ನೇನು, ಬೆಂದಿರ್ಬೇಕಲ್ಲ" ಅಂತ ಅವಳಿಗೂ ಗೊತ್ತಾಗಲಿಲ್ಲ. ಬೇಳೆ ಜೊತೆಗೇ ಹುಣಸೆ ರಸವನ್ನೂ ಕುಕ್ಕರಿಗೆ ಸುರಿದಿದ್ದೆ. ಅದನ್ನು ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ, ಕೇಳಬೇಕು ಅಂತ ಅವಳಿಗೆ ಹೊಳೆಯಲಿಲ್ಲ.

ಅಡುಗೆ ಬಲ್ಲವರು ಹೇಳುವಾಗ ಬಿಟ್ಟುಹೋಗುವುದು ಇಂಥ ಸಣ್ಣ ವಿಷಯಗಳೇ. ಅವರ ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತದೆ. ಅದಕ್ಕೇ ಇಲ್ಲಿ ಅನ್ನ-ತಿಳಿಸಾರು, ಮೊಸರನ್ನ, ಉಪ್ಪಿಟ್ಟು ಇಷ್ಟನ್ನೇ ತೆಗೆದುಕೊಂಡಿದ್ದೇನೆ. ಜೊತೆಗೆ ಇವುಗಳಿಗೆ ಬೇಕಾದ ಸಾಮಾನು ಹೇಗೆ ಕೆಲಸ ಮಾಡುತ್ತದೆ ಅನ್ನೋದು. ಕಪ್ ಅಂದರೆ 200 ಮಿಲಿಲೀಟರ್ ಹಿಡಿಯುವ ಲೋಟ, ಚಮಚ ಅಂದರೆ ಟೀ ಚಮಚ. ಅಳತೆ ಇಬ್ಬರಿಗೆ, ಸಾರು ಸ್ವಲ್ಪ ಮಿಗುವ ಹಾಗೆ.

ಮೊದಲು ಕುಕ್ಕರ್

ತೆರೆದ ಪಾತ್ರೆಯಲ್ಲಿ ನೀರು ಕುದಿಯುವ ಬಿಸಿಯನ್ನು ದಾಟಿ ಮೇಲೆ ಹೋಗಲ್ಲ. ಮಂಗಳೂರಿನಲ್ಲಿ ಅದು 100 ಡಿಗ್ರಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಅಂದರೆ ಘಟ್ಟದ ಮೇಲೆ ಹೋದಷ್ಟೂ ಬೇಳೆ ಬೇಯಲು ಹೊತ್ತು ಜಾಸ್ತಿ ಬೇಕು. ಕುಕ್ಕರ್ ಮಾಡುವುದು ಇಷ್ಟೇ: ಆವಿಯನ್ನು ಒಳಗೇ ಹಿಡಿದಿಟ್ಟು, ನೀರು 120 ಡಿಗ್ರಿಯ ಹತ್ತಿರಕ್ಕೆ ಹೋಗುವ ಹಾಗೆ ಮಾಡುತ್ತದೆ. ಮುಕ್ಕಾಲು ಗಂಟೆಯ ಕೆಲಸ ಕಾಲು ಗಂಟೆಗೆ ಬರುವುದು ಹೀಗೆ. 1679ರಲ್ಲಿ ಡೆನಿ ಪಪ್ಯಾಂ ಅನ್ನುವ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಇದರ ಮೊದಲ ರೂಪ ತೋರಿಸಿದಾಗ ಅವನ ಗುರಿ ಮೂಳೆಯನ್ನು ಮೆತ್ತಗೆ ಮಾಡುವುದಾಗಿತ್ತು. ಮೂಳೆಯನ್ನೇ ಬೇಯಿಸಿದ ಪಾತ್ರೆಗೆ ತೊಗರಿಬೇಳೆ ಯಾವ ಲೆಕ್ಕ!

ಇಬ್ಬರೇ ಇದ್ದರೂ 5 ಲೀಟರಿನದು ಕೊಳ್ಳಿ. 3 ಲೀಟರಿನದು ಚಿಕ್ಕದಾಗಿ ಚೆಂದ ಕಾಣುತ್ತದೆ, ಆದರೆ ಅದರಲ್ಲಿ ಎರಡು ಡಬ್ಬಿ ಒಂದರ ಮೇಲೊಂದು ಕೂರುವುದು ಕಷ್ಟ. ಅನ್ನಕ್ಕೊಂದು ಸಲ, ಬೇಳೆಗೊಂದು ಸಲ ಇಟ್ಟರೆ ಗ್ಯಾಸೂ ಹೋಯಿತು, ಹೊತ್ತೂ ಹೋಯಿತು. ಇಂಡಕ್ಷನ್ ಒಲೆ ಇದ್ದರೆ ಅಂಗಡಿಗೆ ಹೋಗುವಾಗ ಫ್ರಿಜ್ಜಿಗೆ ಅಂಟಿಸಿದ ಮ್ಯಾಗ್ನೆಟ್ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ಕುಕ್ಕರಿನ ತಳಕ್ಕೆ ಅದು ಕಚ್ಚಿಕೊಂಡರೆ ಸರಿ, ಜಾರಿ ಬಿದ್ದರೆ ಆ ಕುಕ್ಕರ್ ನಿಮಗಲ್ಲ.

ಈಗ ಇಡುವ ಕ್ರಮ. ಕಾಲು ಕಪ್ ತೊಗರಿಬೇಳೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬಿಸಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಆಫೀಸಿನಿಂದ ಬಂದ ಕೂಡಲೇ ಈ ಒಂದು ಕೆಲಸ ಮಾಡಿ, ಆಮೇಲೆ ಮುಖ ತೊಳೆಯಿರಿ. ನೆನೆದ ಬೇಳೆಯ ನೀರು ಬಸಿದು ಒಂದು ಕಪ್ ಹೊಸ ನೀರು, ಚಿಟಿಕೆ ಅರಿಶಿನ, ಅರ್ಧ ಚಮಚ ಎಣ್ಣೆ ಹಾಕಿ. ಎಣ್ಣೆ ಇದ್ದರೆ ನೊರೆ ಕಡಿಮೆ ಏಳುತ್ತದೆ. ಮುಕ್ಕಾಲು ಕಪ್ ಸೋನಾ ಮಸೂರಿ ಅಕ್ಕಿಗೆ ಒಂದೂವರೆ ಕಪ್ ನೀರು. ಹೊಸ ಅಕ್ಕಿಯಾದರೆ ಸ್ವಲ್ಪ ಕಡಿಮೆ, ಹಳೆ ಅಕ್ಕಿಯಾದರೆ ಸ್ವಲ್ಪ ಜಾಸ್ತಿ. ಹೊಸ ಮೂಟೆ ಒಡೆದಾಗ ಮೊದಲ ದಿನದ ಅನ್ನ ನೋಡಿಯೇ ಇದನ್ನು ತಿದ್ದಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಕುಕ್ಕರಿನ ತಳಕ್ಕೆ ಒಂದೂವರೆ ಲೋಟ ನೀರು ಹಾಕಿ. ಅಲ್ಯೂಮಿನಿಯಂ ಕುಕ್ಕರಾದರೆ ಆ ನೀರಿಗೆ ಹಿಂಡಿದ ನಿಂಬೆ ಸಿಪ್ಪೆಯನ್ನೋ ಹುಣಸೆ ಚೂರನ್ನೋ ಹಾಕಿದರೆ ಒಳಗೆ ಕಪ್ಪಾಗುವುದಿಲ್ಲ. ಬೇಳೆ ಡಬ್ಬಿ ಕೆಳಗೆ, ಅಕ್ಕಿ ಡಬ್ಬಿ ಮೇಲೆ. ಡಬ್ಬಿಗಳಲ್ಲಿ ಬೇಳೆಯಾಗಲಿ ಅಕ್ಕಿಯಾಗಲಿ ನೀರು ಸೇರಿ ಅರ್ಧಕ್ಕಿಂತ ಮೇಲೆ ಬರಬಾರದು, ಉಕ್ಕುತ್ತದೆ. ಇನ್ನೊಂದು ಪುಟ್ಟ ಬಟ್ಟಲಲ್ಲಿ ಎರಡು ಟೊಮೆಟೊ ಇಡೀದಾಗಿ ಇಟ್ಟು ಅಕ್ಕಿಯ ಮೇಲೆ ಕೂರಿಸಿ. ಬೇಳೆಯೊಳಗೆ ಹಾಕಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮುಚ್ಚಳ ಹಾಕುವ ಮೊದಲು ಅದರ ನಳಿಗೆಯನ್ನು ಬೆಳಕಿಗೆ ಹಿಡಿದು ಆಚೆ ಕಡೆ ಕಾಣುತ್ತದಾ ನೋಡಿ. ಅನ್ನದ ಗಂಜಿ ಒಣಗಿ ಕಟ್ಟಿಕೊಂಡಿದ್ದರೆ ಸೂಜಿ ಹಾಕಿ ತೆಗೆಯಿರಿ. ದಿನಾ ಐದು ಸೆಕೆಂಡಿನ ಕೆಲಸ, ಬಿಡಬೇಡಿ.

ಉರಿ ಜೋರಾಗಿಟ್ಟು ಮೊದಲ ವಿಶಲ್ ಪೂರ್ತಿ ಬರಲಿ. ಬಂದ ತಕ್ಷಣ ಸಿಮ್ ಮಾಡಿ, ಫೋನಿನಲ್ಲಿ 12 ನಿಮಿಷ ಅಲಾರಂ ಇಟ್ಟು ಹೋಗಿ. ಆಮೇಲೆ ಎಷ್ಟು ವಿಶಲ್ ಬಂತು ಅಂತ ಎಣಿಸಬೇಡಿ. ದೊಡ್ಡ ಬರ್ನರ್ ಮೇಲೆ ನಾಲ್ಕು ವಿಶಲ್ ಐದು ನಿಮಿಷದಲ್ಲಿ ಮುಗಿಯಬಹುದು, ಸಣ್ಣ ಉರಿಯಲ್ಲಿ ಅದೇ ನಾಲ್ಕಕ್ಕೆ ಇಪ್ಪತ್ತು ನಿಮಿಷ ಹಿಡಿಯಬಹುದು. ಒಳಗಿನ ಬಿಸಿ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಬೇಳೆಗೆ ಬೇಕಾಗಿರುವುದು ಹೊತ್ತು, ಕೂಗು ಬರೀ ಸದ್ದು. ಅಮ್ಮ ಈಗಲೂ ಇದನ್ನು ಒಪ್ಪಲ್ಲ. ಅವಳ ಒಲೆ, ಅವಳ ಕುಕ್ಕರ್ ಮೂವತ್ತು ವರ್ಷದಿಂದ ಅದೇ ಆಗಿರುವುದರಿಂದ ಅವಳ ನಾಲ್ಕು ವಿಶಲ್ ಅವಳಿಗೆ ಸರಿಯೇ. ನಮ್ಮ ಒಲೆ ಪ್ರತಿ ಬಾಡಿಗೆ ಮನೆಗೂ ಬದಲಾಗುತ್ತದೆ, ಏನು ಮಾಡೋದು.

ಉರಿ ಆರಿಸಿದ ಮೇಲೆ ಕೈ ಕಟ್ಟಿ ಕೂರಬೇಕು. ವೆಯ್ಟ್ ತಾನಾಗಿ ಸಡಿಲ ಆಗುವವರೆಗೆ, ಅಂದರೆ ಹತ್ತು ಹದಿನೈದು ನಿಮಿಷ, ಮುಚ್ಚಳ ಮುಟ್ಟಬೇಡಿ. ಆ ಹೊತ್ತಿನಲ್ಲೂ ಒಳಗೆ ಬೇಯುತ್ತಲೇ ಇರುತ್ತದೆ. ನಾನು ಒಂದು ಸಲ ಹಸಿವು ತಡೆಯಲಾರದೆ ಚಮಚದಿಂದ ವೆಯ್ಟ್ ಎತ್ತಿದೆ. ಬೇಳೆ ನೀರು ಸೀಲಿಂಗಿಗೆ ಹೋಯಿತು. ಮನೆ ಬಿಡುವಾಗ ಪೇಂಟಿಂಗ್ ದುಡ್ಡು ಹೇಗೂ ಹಿಡಿಯುತ್ತಿದ್ದರು, ಆ ಸಲ ಅವರಿಗೆ ಒಂದು ಕಾರಣವೂ ಸಿಕ್ಕಿತು.

ಕುಕ್ಕರ್ ಬದಿಯಿಂದ ಬುಸುಗುಟ್ಟಿ ವಿಶಲ್ ಬರದಿದ್ದರೆ ಗ್ಯಾಸ್ಕೆಟ್ ಸಡಿಲ ಆಗಿದೆ ಅಂತ ಅರ್ಥ. ತಣ್ಣೀರಿನಲ್ಲೋ ಫ್ರೀಜರಿನಲ್ಲೋ ಸ್ವಲ್ಪ ಹೊತ್ತು ಇಟ್ಟರೆ ಅವತ್ತಿನ ಮಟ್ಟಿಗೆ ನಡೆಯುತ್ತದೆ. ನಾಳೆ ಹೊಸದು ತನ್ನಿ. ಮುಚ್ಚಳದ ಸೇಫ್ಟಿ ವಾಲ್ವ್ ಹೋದರೆ ಮಾತ್ರ ಜುಗಾಡ್ ಬೇಡವೇ ಬೇಡ. ಬಿಸಿ ಮಿತಿ ಮೀರಿದಾಗ ಕರಗಿ ಆವಿಯನ್ನು ಹೊರಗೆ ಬಿಡುವ ಲೋಹ ಅದರಲ್ಲಿರುತ್ತದೆ. ಅದೇ ಕಂಪನಿಯ, ಅದೇ ಮಾಡೆಲಿನ ವಾಲ್ವನ್ನೇ ಹಾಕಿಸಿ.

ಬೇಳೆ ಬೇಯದಿದ್ದರೆ

ಇಷ್ಟು ಮಾಡಿಯೂ ಬೇಳೆ ಕಾಳುಕಾಳಾಗಿಯೇ ಉಳಿದರೆ ಮೂರು ಕಡೆ ಅನುಮಾನ ಪಡಿ.

ಮೊದಲನೆಯದು ಹುಳಿ. ಹುಣಸೆ, ಟೊಮೆಟೊ, ಮಾವಿನಕಾಯಿ ಯಾವುದೇ ಆಗಲಿ, ಹುಳಿ ಸೇರಿದರೆ ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಗೋಡೆ ಸಡಿಲ ಆಗಲ್ಲ. ನನ್ನ ಮೊದಲ ಸಾರು ಕೆಟ್ಟಿದ್ದು ಇದರಿಂದ. ಬೇಳೆ ಪೂರ್ತಿ ಬೆಂದ ಮೇಲೆಯೇ ಹುಳಿ.

ಎರಡನೆಯದು ನೀರು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅವೂ ಅದೇ ಗೋಡೆಯನ್ನು ಗಟ್ಟಿ ಮಾಡುತ್ತವೆ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟುವ ನೀರು ನಿಮ್ಮದಾದರೆ ಬೇಳೆಗೆ ಮಾತ್ರ ಕುಡಿಯುವ ಆರ್‌ಒ ಫಿಲ್ಟರ್ ನೀರು ಹಾಕಿ ನೋಡಿ. ವ್ಯತ್ಯಾಸ ಅವತ್ತೇ ಗೊತ್ತಾಗುತ್ತದೆ.

ಮೂರನೆಯದು ಬೇಳೆಯ ವಯಸ್ಸು. ವರ್ಷಗಟ್ಟಲೆ ಡಬ್ಬದಲ್ಲಿ ಕೂತ ಬೇಳೆ ಹಟಮಾರಿ. ಆಗಾಗ ಸ್ವಲ್ಪ ಸ್ವಲ್ಪವೇ ತನ್ನಿ. 2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿ ತೊಗರಿ ಸಿಕ್ಕರೆ ಬಿಡಬೇಡಿ, ಅದರ ಪರಿಮಳವೇ ಬೇರೆ. ಚಿಟಿಕೆ ಸೋಡಾ ಹಾಕಿದರೆ ಎಂಥ ಬೇಳೆಯೂ ಬೇಯುತ್ತದೆ ಅನ್ನುವುದು ನಿಜ. ಆದರೆ ಬಿ1 ವಿಟಮಿನ್ ಹಾಳಾಗುತ್ತದೆ, ಸಾರಿಗೆ ಸೋಪಿನಂಥ ಒಂದು ರುಚಿ ಬರುತ್ತದೆ. ನಾನು ಹಾಕಲ್ಲ.

ಮಿಕ್ಸಿ ಮತ್ತು ಸಾರಿನ ಪುಡಿ

ಅಂಗಡಿ ಪುಡಿಯಲ್ಲೂ ಒಳ್ಳೆಯವಿವೆ. ಆದರೂ ಒಂದು ಭಾನುವಾರ ಅರ್ಧ ಗಂಟೆ ಕೊಟ್ಟರೆ ಎರಡು ತಿಂಗಳಿಗೆ ಆಗುವಷ್ಟು ಪುಡಿ ಆಗುತ್ತದೆ.

ಒಂದು ಕಪ್ ಕೊತ್ತಂಬರಿ ಬೀಜ, ಕಾಲು ಕಪ್ ಜೀರಿಗೆ, ಮೂರು ಚಮಚ ಕಾಳುಮೆಣಸು, ಒಂದೂವರೆ ಚಮಚ ಮೆಂತ್ಯ, ಒಂದು ಚಮಚ ಸಾಸಿವೆ, ಒಂದು ಹಿಡಿ ಕರಿಬೇವು, 20 ಬ್ಯಾಡಗಿ ಮೆಣಸಿನಕಾಯಿ, 6 ಗುಂಟೂರು ಮೆಣಸಿನಕಾಯಿ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ, ಸುಕ್ಕು ಸುಕ್ಕಾದ ಈ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಅದರ ಕೆಂಪು ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬಿಡುತ್ತದೆ. ತುಪ್ಪದ ಒಗ್ಗರಣೆ ಬಿದ್ದ ಸಾರಿನ ಮೇಲೆ ಕೆಂಪು ಕಣ್ಣುಗಳು ತೇಲುವುದು ಅದಕ್ಕೇ.

ಎಲ್ಲವನ್ನೂ ಒಟ್ಟಿಗೆ ಹುರಿಯಬೇಡಿ. ಮೆಣಸಿನಕಾಯಿ ಗರಿಗರಿ ಆಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಒಂದೊಂದನ್ನೇ ಸಣ್ಣ ಉರಿಯಲ್ಲಿ, ದಪ್ಪ ತಳದ ಬಾಣಲೆಯಲ್ಲಿ ಹುರಿಯಿರಿ. ಕೊತ್ತಂಬರಿ ಘಮ ಬರುವವರೆಗೆ, ಜೀರಿಗೆ ಚಟಪಟ ಅನ್ನುವವರೆಗೆ, ಕರಿಬೇವು ಮುರಿದರೆ ಪುಡಿ ಆಗುವವರೆಗೆ. ಮೆಂತ್ಯದ ಹತ್ತಿರ ಮಾತ್ರ ಅಲ್ಲಾಡದೆ ನಿಲ್ಲಿ. ಹೊಂಬಣ್ಣ ದಾಟಿ ಕಂದು ಆದರೆ ಇಡೀ ಪುಡಿ ಕಹಿ, ಆಮೇಲೆ ಬೆಲ್ಲ ಹಾಕಿ ಸರಿ ಮಾಡುತ್ತೇನೆ ಅಂದರೆ ಆಗಲ್ಲ. ಕೊನೆಗೆ ಬಿಸಿ ಬಾಣಲೆಯಲ್ಲೇ ಅರ್ಧ ಚಮಚ ಇಂಗು. ಒಣಕೊಬ್ಬರಿ ಈಗ ಬೇಡ, ಬೇಗ ಜಿಡ್ಡು ವಾಸನೆ ಬರುತ್ತದೆ. ಬೇಕಾದವರು ಸಾರು ಮಾಡುವ ದಿನ ಸೇರಿಸಿಕೊಳ್ಳಲಿ.

ಪೂರ್ತಿ ತಣ್ಣಗಾದ ಮೇಲೆ ಮಿಕ್ಸಿಗೆ. ಬಿಸಿ ಇರುವಾಗಲೇ ತಿರುಗಿಸಿದರೆ ಮುಚ್ಚಳದಲ್ಲಿ ಹಬೆ ಹನಿಯಾಗಿ ಪುಡಿಗೆ ಬೀಳುತ್ತದೆ, ಗಂಟು ಕಟ್ಟುತ್ತದೆ. ಚಿಕ್ಕ ಜಾರು, ಅರ್ಧಕ್ಕಿಂತ ಕಡಿಮೆ ತುಂಬಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಪುಡಿಯೂ ಕಾಯುತ್ತದೆ, ಘಮ ಗಾಳಿಗೆ ಹೋಗುತ್ತದೆ. ಗಾಜಿನ ಬಾಟಲಿಯಲ್ಲಿಡಿ, ಒದ್ದೆ ಚಮಚ ಹಾಕಬೇಡಿ.

ಮಿಕ್ಸಿ ಇದ್ದಕ್ಕಿದ್ದಂತೆ ನಿಂತು ಸದ್ದೇ ಬರದಿದ್ದರೆ ರಿಪೇರಿಗೆ ಓಡಬೇಡಿ. ಪ್ಲಗ್ ತೆಗೆದು ತಿರುವಿ ಹಾಕಿ ನೋಡಿ. ತಳದಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಕೆಂಪು ಬಟನ್ ಇರುತ್ತದೆ. ಭಾರ ಜಾಸ್ತಿಯಾದರೆ ಮೋಟಾರ್ ಸುಡದಿರಲಿ ಅಂತ ಅದು ಕರೆಂಟ್ ಕಡಿಯುತ್ತದೆ. ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಆ ಬಟನ್ ಒತ್ತಿ, ಜಾರಿನಿಂದ ಅರ್ಧ ಸಾಮಾನು ತೆಗೆದು ಮತ್ತೆ ಹಚ್ಚಿ. ಇದು ಗೊತ್ತಿಲ್ಲದೆ ನಾನು ಒಂದು ಸಲ ರಿಪೇರಿ ಅಂಗಡಿಯಲ್ಲಿ 300 ರೂಪಾಯಿ ಕೊಟ್ಟು ಬಂದಿದ್ದೇನೆ. ಮೋಟಾರ್ ತಿರುಗುವ ಸದ್ದು ಇದ್ದು ಬ್ಲೇಡ್ ಮಾತ್ರ ತಿರುಗದಿದ್ದರೆ ಜಾರಿನ ಕೆಳಗಿನ ಕಪ್ಲರ್ ಸವೆದಿರಬಹುದು. ಅದು ಅಗ್ಗದ ಸಾಮಾನು, ಬದಲಿಸಿದರೆ ಆಯಿತು.

ತಿಳಿಸಾರು

1. ದೊಡ್ಡ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಬಿಸಿ ನೀರಿನಲ್ಲಿ ನೆನೆಸಿ ಹಿಂಡಿ. ಇದನ್ನು ಕುಕ್ಕರ್ ಕೂಗುವ ಹೊತ್ತಿಗೆ ಮಾಡಿಕೊಳ್ಳಬಹುದು.

2. ಬೆಂದ ಬೇಳೆಯನ್ನು ಬಿಸಿ ಇರುವಾಗಲೇ ಕಡಗೋಲಿನಿಂದ ಮಸೆಯಿರಿ. ಮಿಕ್ಸಿಗೆ ಹಾಕಬೇಡಿ, ಅಂಟಂಟಾಗುತ್ತದೆ. ಕಡಗೋಲು ಈಗ ಎಷ್ಟೋ ಮನೆಯಲ್ಲಿ ಇಲ್ಲ. ಸಂತೆಯಲ್ಲೋ ಜಾತ್ರೆಯಲ್ಲೋ ಕಂಡರೆ ಚಿಕ್ಕದೊಂದು ತನ್ನಿ. ಮಜ್ಜಿಗೆ ಕಡೆಯಲೂ ಆಗುತ್ತದೆ.

3. ಸ್ಟೀಲ್ ಪಾತ್ರೆಯಲ್ಲಿ ಹುಣಸೆ ರಸ, ಸಿಪ್ಪೆ ತೆಗೆದು ಕಿವುಚಿದ ಟೊಮೆಟೊ, ಕರಿಬೇವು, ಉಪ್ಪು, ಗೋಲಿ ಗಾತ್ರದ ಬೆಲ್ಲ, ಒಂದು ಕಪ್ ನೀರು ಹಾಕಿ ಕುದಿಸಿ. ಹಸಿ ವಾಸನೆ ಹೋಗುವವರೆಗೆ, ಏಳೆಂಟು ನಿಮಿಷ. ಅವಸರ ಮಾಡಿದರೆ ಸಾರು ಕುಡಿದ ಮೇಲೆ ಗಂಟಲಲ್ಲಿ ಒಗರು ಉಳಿಯುವುದು ಈ ಹಂತದಲ್ಲೇ.

4. ಒಂದೂವರೆ ಚಮಚ ಸಾರಿನ ಪುಡಿ ಹಾಕಿ ಎರಡು ನಿಮಿಷ.

5. ಮಸೆದ ಬೇಳೆ, ಇನ್ನೆರಡು ಕಪ್ ನೀರು. ಈಗ ರುಚಿ ನೋಡಿ. ಮೊದಲು ಉಪ್ಪು, ಆಮೇಲೆ ಹುಳಿ, ಕೊನೆಗೆ ಖಾರ, ಈ ಕ್ರಮದಲ್ಲಿ ತಿದ್ದಿ. ಎಷ್ಟೋ ಸಲ "ಏನೋ ಕಡಿಮೆ" ಅನ್ನಿಸುವುದು ಬರೀ ಉಪ್ಪು.

6. ಪಾತ್ರೆಯ ಅಂಚಿನಿಂದ ನೊರೆ ಮೇಲೆದ್ದು ಉಕ್ಕಲು ಬಂದಾಗ ಇಳಿಸಿ. ಬೇಳೆ ಬಿದ್ದ ಮೇಲೆ ಗಂಟೆಗಟ್ಟಲೆ ಕುದಿಸಿದರೆ ಪುಡಿಯ ಘಮ ಅಡುಗೆಮನೆಗೆ, ಸಪ್ಪೆ ಸಾರು ತಟ್ಟೆಗೆ.

7. ಒಗ್ಗರಣೆ ಹಾಕಿ, ಹೆಚ್ಚಿದ ಕೊತ್ತಂಬರಿ ಉದುರಿಸಿ, ಐದು ನಿಮಿಷ ಮುಚ್ಚಿಡಿ.

ಒಗ್ಗರಣೆ ಸೌಟು

ಅಡುಗೆಮನೆಯ ಅತಿ ಅಗ್ಗದ, ಅತಿ ಉಪಯೋಗದ ಸಾಮಾನು ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಉದ್ದ ಹಿಡಿಯ, ದಪ್ಪ ತಳದ ಕಬ್ಬಿಣದ ಸೌಟು. ಎರಡು ಚಮಚ ತುಪ್ಪಕ್ಕೆ ದೊಡ್ಡ ಬಾಣಲೆ ಇಟ್ಟರೆ ಅರ್ಧ ತುಪ್ಪ ಅದರ ಗೋಡೆಗೇ ಹೋಗುತ್ತದೆ. ಸೌಟಾದರೆ ತುಪ್ಪ ಆಳವಾಗಿ ನಿಲ್ಲುತ್ತದೆ, ಸಾಸಿವೆ ಮುಳುಗಿ ಸಿಡಿಯುತ್ತದೆ.

ತುಪ್ಪ ಕಾದಿದೆಯಾ ಅಂತ ಒಂದೇ ಒಂದು ಸಾಸಿವೆ ಹಾಕಿ ನೋಡಿ. ಅದು ಸಿಡಿದರೆ ಉಳಿದದ್ದು ಹಾಕಿ. ಸಾಸಿವೆಯ ಸದ್ದು ಕಡಿಮೆ ಆಗುತ್ತಾ ಬಂದಾಗ ಜೀರಿಗೆ, ಆಮೇಲೆ ಮುರಿದ ಬ್ಯಾಡಗಿ, ಉರಿ ಆರಿಸಿ ಇಂಗು, ಕೊನೆಗೆ ಕರಿಬೇವು. ಕರಿಬೇವನ್ನು ಬಟ್ಟೆಯಲ್ಲಿ ಒರೆಸಿಕೊಳ್ಳಿ, ನೀರಿದ್ದರೆ ಮುಖಕ್ಕೇ ಹಾರುತ್ತದೆ. ಈ ಮಸಾಲೆಗಳ ಘಮ ನೀರಿಗಿಂತ ಜಿಡ್ಡಿನಲ್ಲಿ ಬೇಗ ಬಿಡುತ್ತದೆ. ಅದಕ್ಕೇ ಅವನ್ನು ಸಾರಿನಲ್ಲಿ ಸುಮ್ನೆ ಕುದಿಸಿದರೆ ಆ ರುಚಿ ಬರಲ್ಲ.

ಇಂಗಿನ ಬಗ್ಗೆ ಒಂದು ಮಾತು. ಅಂಗಡಿಯ ಪುಡಿ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುತ್ತದೆ, ಹಲವದರಲ್ಲಿ ಗೋಧಿ ಹಿಟ್ಟೇ. ಮನೆಯಲ್ಲಿ ಗೋಧಿ ಆಗದವರಿದ್ದರೆ ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ.

ಸೌಟು ತೊಳೆದ ಮೇಲೆ ಒಲೆಯ ಮೇಲೆ ಒಂದು ನಿಮಿಷ ಕಾಯಿಸಿ, ಒಂದು ಹನಿ ಎಣ್ಣೆ ಸವರಿ ಇಡಿ. ತುಕ್ಕು ಹಿಡಿಯಲ್ಲ.

ಮೊಸರನ್ನ

ಸಾರಿನ ಅನ್ನ ಉದುರುದುರಾಗಿರಬೇಕು, ಮೊಸರನ್ನದ ಅನ್ನ ಮುದ್ದೆಯಂತಿರಬೇಕು. ಅಕ್ಕಿಯ ಮೂರರಷ್ಟು ನೀರು ಹಾಕಿ ಮಾಡಿ, ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಮಸೆಯಿರಿ. ತಣ್ಣಗಾದ ಮೇಲೆ ಮಸೆದರೆ ಅಗುಳು ಒಡೆಯಲ್ಲ. ತಕ್ಷಣ ತಿನ್ನುವುದಾದರೆ ಅನ್ನ ಆರಿದ ಮೇಲೆ ಮೊಸರು ಕಲಸಿ. ಮಧ್ಯಾಹ್ನದ ಡಬ್ಬಿಗಾದರೆ ಉಗುರು ಬೆಚ್ಚಗಿನ ಅನ್ನಕ್ಕೆ ಒಂದು ಕಪ್ ಕಾಯಿಸಿ ಆರಿಸಿದ ಹಾಲು, ಒಂದೇ ದೊಡ್ಡ ಚಮಚ ಮೊಸರು. ಅದು ಡಬ್ಬಿಯೊಳಗೇ ಹೆಪ್ಪಾಗಿ, ಊಟದ ಹೊತ್ತಿಗೆ ಹುಳಿಯಾಗದೆ ಸರಿಯಾಗಿರುತ್ತದೆ. ಒಗ್ಗರಣೆಗೆ ಉದ್ದಿನಬೇಳೆ, ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಶುಂಠಿ. ದಾಳಿಂಬೆ ಇದ್ದರೆ ಮೇಲೊಂದು ಹಿಡಿ.

ಉಳಿದ ಅನ್ನವನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ರೂಢಿ ನಮ್ಮ ಮನೆಯಲ್ಲೂ ಇತ್ತು. ಈಗ ಬಿಟ್ಟಿದ್ದೇನೆ. ಅಕ್ಕಿಯಲ್ಲಿ ಬೆಂದರೂ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾ ಬೀಜಕಣಗಳು ಇರುತ್ತವೆ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ಎರಡು ಗಂಟೆಯೊಳಗೆ ಅಗಲವಾದ ತಟ್ಟೆಯಲ್ಲಿ ಆರಿಸಿ ಫ್ರಿಜ್ಜಿಗಿಡಿ. ಚಿತ್ರಾನ್ನಕ್ಕೆ ಫ್ರಿಜ್ಜಿನ ಅನ್ನ ಇನ್ನೂ ಚೆನ್ನ, ಉದುರುದುರಾಗಿರುತ್ತದೆ.

ಉಪ್ಪಿಟ್ಟು

ಇದಕ್ಕೆ ಕಾಂಕ್ರೀಟ್ ಅಂತ ಹೆಸರಿಟ್ಟವರು ಸರಿಯಾಗಿ ಹುರಿಯದ ರವೆಯ ಉಪ್ಪಿಟ್ಟು ತಿಂದಿರಬೇಕು. ಒಂದು ಕಪ್ ಮಧ್ಯಮ ರವೆಗೆ ಎರಡೂವರೆ ಕಪ್ ನೀರು, ಬನ್ಸಿ ರವೆಗೆ ಮೂರು ಕಪ್. ರವೆಯನ್ನು ಸಣ್ಣ ಉರಿಯಲ್ಲಿ ಆರೇಳು ನಿಮಿಷ ಹುರಿಯಿರಿ. ಘಮ ಬರಬೇಕು, ಬಣ್ಣ ಬರಬಾರದು. ನೀರು ಕಳಕಳ ಕುದಿಯುತ್ತಿರಬೇಕು. ಒಂದು ಕೈಯಿಂದ ರವೆ ಮಳೆ ಸುರಿದ ಹಾಗೆ, ಇನ್ನೊಂದು ಕೈಯಲ್ಲಿ ಸೌಟು ನಿಲ್ಲಿಸದ ಹಾಗೆ. ಆಮೇಲೆ ಸಿಮ್, ಮುಚ್ಚಳ, ಮೂರು ನಿಮಿಷ. ನಿಂಬೆರಸ ಉರಿ ಆರಿಸಿದ ಮೇಲೆ.

ಇಲ್ಲಿ ಎಲೆಕ್ಟ್ರಿಕ್ ಕೆಟಲ್ ಬಹಳ ಕೆಲಸಕ್ಕೆ ಬರುತ್ತದೆ. 1500 ವ್ಯಾಟಿನದು ಒಂದು ಲೀಟರ್ ನೀರನ್ನು ನಾಲ್ಕೈದು ನಿಮಿಷದಲ್ಲಿ ಕುದಿಸುತ್ತದೆ. ಅಷ್ಟರಲ್ಲಿ ನೀವು ಈರುಳ್ಳಿ ಒಗ್ಗರಣೆ ಮುಗಿಸಬಹುದು. ಸಾಮಾನ್ಯ ಕೆಟಲಿನಲ್ಲಿ ಹಾಲು ಮಾತ್ರ ಕಾಯಿಸಬೇಡಿ, ತಳ ಹಿಡಿದು ಉಕ್ಕಿ ಕೆಟಲೇ ಹೋಗುತ್ತದೆ.

ಬೇರೆ ಸಾಮಾನು

ಇಕ್ಕಳ ಎರಡು ಇರಲಿ, ಒಂದು ಯಾವಾಗಲೂ ಸಿಂಕಿನಲ್ಲಿರುತ್ತದೆ. ಕಾಳುಮೆಣಸು, ಶುಂಠಿ ಜಜ್ಜಲು ಕಲ್ಲಿನ ಪುಟ್ಟ ಕುಟ್ಟಾಣಿ. ತುರಿಮಣೆ ಜಾಗ ತಿನ್ನುತ್ತದೆ ಅನ್ನುವವರು ತೆಂಗಿನಕಾಯಿ ಹೋಳು ಮಾಡಿ ಮಿಕ್ಸಿಯಲ್ಲಿ ಎರಡು ಸಲ ತಿರುಗಿಸಿಕೊಳ್ಳಬಹುದು. ತುರಿಯ ನಯ ಬರಲ್ಲ, ಚಟ್ನಿಗೆ ಅದು ಲೆಕ್ಕಕ್ಕಿಲ್ಲ. ದಾರ ಎಳೆಯುವ ಚಾಪರ್ ಕೊಂಡು ನಾನು ಎರಡು ತಿಂಗಳು ಖುಷಿಯಾಗಿದ್ದೆ. ಈರುಳ್ಳಿ ಸಾಗುಗೆ ಬೇಕಾದಂತೆ ಬರದೆ ನೀರು ಬಿಟ್ಟುಕೊಳ್ಳುತ್ತದೆ. ಹರಿತವಾದ ಒಂದು ಚಾಕು ಅದಕ್ಕಿಂತ ಬೇಗ, ತೊಳೆಯುವುದೂ ಸುಲಭ. ರೊಟ್ಟಿ ಮೇಕರ್ ಬಗ್ಗೆ ನಾನು ಮಾತಾಡಲ್ಲ, ಅಟ್ಟದ ಮೇಲಿದೆ.

ಮಿಕ್ಕ ಸಾರನ್ನು ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿಗಿಡಿ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಡಬಾರದು. ಮರುದಿನ ಬೇಕಾದಷ್ಟನ್ನೇ ಬಿಸಿ ಮಾಡಿ, ಮೇಲೆ ಹೊಸ ಒಗ್ಗರಣೆ. ಬಿಸಿ ಮಾಡುವ ಮೊದಲು ಕಲಕಬೇಡಿ. ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸಿಕೊಂಡರೆ ಕುಡಿಯಲು ಆಯಿತು, ತಳದಲ್ಲಿ ಕೂತ ಗಸಿ ಅನ್ನಕ್ಕೆ. ನಮ್ಮಲ್ಲಿ ಜಗಳ ಆಗುವುದು ಆ ಗಸಿಗೇ.